ನಾಲ್ಕನೆಯ ಜೆಟ್

೧೩ ಮಾರ್ಚ್ ೨೦೨೫, ಗುರುವಾರ. ಕಿತ್ತೂರು

ಮೂರು ಕಳಚಿ ಬಂದವು, ನಾಲ್ಕನೆಯದು ಬರಲಿಲ್ಲ. ಹೋಟೆಲಿನ ಹಳೆಯ ಈಜುಕೊಳಕ್ಕೆ ಸೋಸಿದ ನೀರನ್ನು ಮರಳಿ ಬಿಡುವ ನಾಲ್ಕೂ ಜೆಟ್ ಸವೆದಿವೆ. ಅವನ್ನು ಬದಲಿಸಿಕೊಟ್ಟರೆ ಮಾಲೀಕ ನಿಜಗುಣಪ್ಪನವರು ನನ್ನನ್ನು ಇಲ್ಲಿಯ ಕೆಲಸದಿಂದ ಬಿಡುತ್ತಾರೆ. ಸೋಮವಾರ ಮುನವಳ್ಳಿಯಲ್ಲಿ ಹೊಸ ಕೆಲಸ. ಹನ್ನೊಂದು ವರ್ಷದ ಮೇಲೆ ಹೆಂಡತಿ ಯಶೋಧಾಳೊಡನೆ ಒಂದೇ ಮನೆ.

ಆ ನಾಲ್ಕನೆಯದು ಆರು ವರ್ಷದ ಹಿಂದೆ ಸೋರಿದಾಗ ನಾನೇ ಅಂಟು ಮೆತ್ತಿ ಕೂರಿಸಿದ್ದೆ. ಸಾಲದ್ದಕ್ಕೆ ನನ್ನ ಹೆಸರು ಸೇರಿಸಿ ಪ್ರಾಸವನ್ನೂ ಕಟ್ಟಿದ್ದೆ: ಪರಪ್ಪನ ಅಂಟು, ಏಳೇಳು ಜನ್ಮದ ನಂಟು.

ಇವತ್ತು ಬರಿದಾದ ಕೊಳದೊಳಗೆ ನಿಂತು ಪಾನಾ ಹಾಕಿ ಜೆಟ್ ತಿರುವುತ್ತಿದ್ದರೆ ನಿಜಗುಣಪ್ಪನವರು ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು.

“ಯಾಕೋ ಕವಿ, ಬರವಲ್ದೇನು?”

“ಅಲ್ಲಾಡವಲ್ದರಿ.”

“ಹೆಂಗ ಅಲ್ಲಾಡತೈತಿ? ಏಳೇಳು ಜನ್ಮದಾಗ ಇನ್ನಾ ಆರ ವರ್ಷ ಆಗ್ಯಾವ.”

ನಗು ನನಗೂ ಬಂತು. ಸಿಟ್ಟು ಅದಕ್ಕೇ.

ಉಳಿ ಹಾಕಿದರೆ ಗೋಡೆ ಸೀಳುತ್ತದೆ, ಅದನ್ನು ಕಟ್ಟಿ ಮುಗಿಸುವವರೆಗೆ ಹೋಗುವಂತಿಲ್ಲ. ಹಾಕದಿದ್ದರೂ ಹೋಗುವಂತಿಲ್ಲ.

ಸಂಜೆ ಯಶೋಧಾ ಫೋನು ಮಾಡಿ, “ಸೋಮವಾರ ಬರತೀರಿಲ್ಲೋ?” ಅಂದಳು.

“ಮೂರು ಜೆಟ್ ಬಂದಾವ,” ಅಂದೆ.

“ನಾ ನಿಮ್ಮನ್ನ ಕೇಳಿದ್ದು.”

ಉಳಿ ಮಸೆದು ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ. ಸೀಳಿದರೆ ಸೀಳಲಿ ಎನ್ನುವ ಧೈರ್ಯ ಬೆಳಿಗ್ಗೆಯವರೆಗೆ ಉಳಿದರೆ ಮೊದಲ ಏಟು ಆ ನಾಲ್ಕನೆಯದಕ್ಕೇ.