ಐದು ತುಂಡಾದ ಸಂಖ್ಯಾಶಾಸ್ತ್ರಜ್ಞೆಯ ಬಗ್ಗೆ

ಸಂಶೋಧನಾ ಮೌಲ್ಯಮಾಪನ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ತಾವು ನನ್ನ ಗುರುಗಳನ್ನು ಐದು ತುಂಡು ಮಾಡಿದ್ದೀರಿ. ಚೂರಿ ಹಿಡಿಯಲಿಲ್ಲ, ನೆಲಕ್ಕೆ ಒಂದು ಹನಿ ರಕ್ತ ಬೀಳಿಸಲಿಲ್ಲ. ಆ ಕೈಚಳಕವನ್ನು ಮೊದಲು ಮೆಚ್ಚಿಕೊಂಡು, ಆಮೇಲೆ ಜಗಳಕ್ಕೆ ಬರುತ್ತೇನೆ.

ಅವರು ಈ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞೆ. ನಾನು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿರುವ, ಅಥವಾ ಮಾಡುತ್ತಿದ್ದೇನೆಂದು ಮನೆಯಲ್ಲಿ ನಂಬಿಸಿರುವ ವಿದ್ಯಾರ್ಥಿ. ಇಪ್ಪತ್ತೆರಡು ವರ್ಷಗಳಿಂದ ಮೀನಿನವರು, ಬಿತ್ತನೆ ಬೀಜದವರು, ಸೇತುವೆಯವರು, ಮಕ್ಕಳ ಡಾಕ್ಟರು, ಮೂಳೆ ಡಾಕ್ಟರು, ಎಲ್ಲರೂ ತಮ್ಮ ಅಂಕಿಅಂಶ ಹೊತ್ತು ಅವರ ಕೋಣೆಯ ಮುಂದೆ ಸಾಲುಗಟ್ಟಿದ್ದಾರೆ. ತಂದ ಲೆಕ್ಕ ಸುಳ್ಳಾಗಿದ್ದರೆ ಅಲ್ಲೇ ಅದರ ಕತ್ತು ಹಿಚುಕಿ, ನಿಜವಾಗಿದ್ದರೆ ಅದಕ್ಕೊಂದು ಬೆನ್ನೆಲುಬು ಕೂರಿಸಿ ಕಳಿಸಿದ್ದಾರೆ. ಹಾಗೆ ಪ್ರಕಟವಾದ ಪ್ರಬಂಧಗಳು ನಲವತ್ತಮೂರು. ಆದರೆ ಪ್ರಬಂಧ ಎಣಿಸುವ ತಮ್ಮ ಹೊಸ ಯಂತ್ರಕ್ಕೆ ಒಂದು ದೃಢವಾದ ಗುಮಾನಿ: ಮೀನು ಬಲ್ಲವಳು ಸೇತುವೆ ಬಲ್ಲಳೇ? ಒಂದೇ ಹೆಸರಿನ ಐದು ಹೆಂಗಸರಿದ್ದಾರೆಂದು ತೀರ್ಮಾನಿಸಿ, ಪ್ರಬಂಧಗಳನ್ನು ತಲೆಗೆ ಎಂಟು, ಒಂಬತ್ತು ಎಂದು ಹಂಚಿಬಿಟ್ಟಿತು. ಹುದ್ದೆ ಉಳಿಯಲು ತಲೆಗೆ ಹತ್ತು ಬೇಕು. ಐದೂ ತಲೆ ಉರುಳಿದವು.

ಜವಾನರು ಐದು ವಜಾ ನೋಟಿಸು ತಂದರು, ಒಂದೊಂದರಲ್ಲೂ ಸೇವೆ ಮುಗಿಯುವ ತಾರೀಖು ಬೇರೆ.

“ಮೇಡಂ, ಐದು ಜನರೂ ಸಹಿ ಹಾಕ್ಬೇಕಂತೆ.”

“ಹಾಕೋಣ. ಪೆನ್ನು ಒಂದೇ ಸಾಕಂತಾ, ಅದನ್ನೂ ಕೇಳ್ಕೊಂಡು ಬಂದ್ರಾ?”

ಕೀಟಲೆ ನನ್ನ ಹುಟ್ಟುಗುಣ. ಐವರಿಗೂ ಆಸನದ ವ್ಯವಸ್ಥೆ ಆಗಬೇಕೆಂದು ತಮ್ಮ ಕಚೇರಿಗೆ ಅರ್ಜಿ ಗುಜರಾಯಿಸಿದೆ. ಕೆಟ್ಟ ಫ್ಯಾನಿನ ರಿಪೇರಿಗಾಗಿ ಎರಡು ವರ್ಷ ಕಾದ ಕೋಣೆಗೆ, ಕೆಲಸ ಕಳೆದುಕೊಂಡವರು ಕೂರಲೆಂದು, ನಾಲ್ಕು ಕುರ್ಚಿ ಎಂಟೇ ದಿನದಲ್ಲಿ ಬಂದವು.

“ಇದೇನೋ ಇದು?”

“ಮಿಕ್ಕ ನಾಲ್ಕು ಮೇಡಂಗಳಿಗೆ, ಮೇಡಂ.”

“ಹೊತ್ತಿಗೆ ಸರಿಯಾಗಿ ಬಂದು ಕೆಲಸ ಮಾಡೋಕೆ ಹೇಳು ಅವರಿಗೆ.”

ಇಲ್ಲಿಯವರೆಗೆ ನನಗೂ ನಗು ಬರುತ್ತಿತ್ತು. ನಾಲ್ಕನೇ ತಾರೀಖು ಮೂಳೆ ವಿಭಾಗದ ಸರ್ಜನ್ ಬಂದರು. ಹೊಸ ಬಗೆಯ ಸ್ಕ್ರೂ ಒಂದನ್ನು ಅವರು ಅರವತ್ತು ರೋಗಿಗಳ ಕಾಲಿಗೆ ಕೂರಿಸಿದ್ದಾರೆ. ಬರೆದು ತಂದ ಪ್ರಬಂಧದಲ್ಲಿ ನಲವತ್ತೊಂಬತ್ತೇ ಜನ.

“ಉಳಿದ ಹನ್ನೊಂದು ಜನ ಎಲ್ಲಿ ಡಾಕ್ಟ್ರೇ?” ಎಂದರು ಮೇಡಂ.

“ಅವರು ಮತ್ತೆ ತೋರಿಸ್ಕೊಳ್ಳೋಕೆ ಬರ್ಲಿಲ್ಲ.”

“ಹೋಗಿದ್ದಾರೆ, ಬೇರೆ ಆಸ್ಪತ್ರೆಗೆ. ನಾಲ್ಕು ಜನಕ್ಕೆ ಕಾಲೇ ತೆಗೆದಿದ್ದಾರೆ. ಅಲ್ಲಿಂದ ತರಿಸಿದ ಪಟ್ಟಿ ಇಲ್ಲೇ ಇದೆ, ತಾಳಿ,” ಎಂದು ಕಬ್ಬಿಣದ ಕಪಾಟಿನ ಡ್ರಾಯರ್ ಎಳೆದು ಕೈ ಹಾಕಿದರು.

ಸರ್ಜನ್ ಬೂಟುಗಾಲಿನಿಂದ ಡ್ರಾಯರನ್ನು ಒದ್ದರು. ಮೇಡಂ ಬಲಗೈ ಒಳಗಿತ್ತು. ಮೊದಲ ಒದೆತ ಸಿಟ್ಟಿನ ಭರ ಎಂದೇ ಇಟ್ಟುಕೊಳ್ಳೋಣ. ಡ್ರಾಯರ್ ತಿರುಗಿ ಬಾಯ್ತೆರೆಯಿತು. ಕೈ ಹೊರಬರುವ ಮೊದಲೇ ಮತ್ತೆ ಒದ್ದರು. ನಾನು ಹಿಂದಿನಿಂದ ಅವರ ಕತ್ತಿಗೆ ಜೋತುಬಿದ್ದೆ. ಮೊಣಕೈಯಿಂದ ನನ್ನ ಮೂಗು ಜಜ್ಜಿ, ಮೂರನೆಯ ಸಲ ಒದ್ದರು. ಮೂರು ಬೆರಳು, ಏಳು ಕಡೆ ಮುರಿತ. ಮೂಳೆ ತಜ್ಞರಲ್ಲವೇ, ಕೆಲಸ ಅಚ್ಚುಕಟ್ಟು. “ಇನ್ನು ಬರಿ, ನೋಡೋಣ,” ಎಂದು ಕೋಟು ಸರಿಮಾಡಿಕೊಂಡು ಹೋದರು.

ಮೇಡಂ ಎಡಗೈಯಲ್ಲಿ ಹಾಕಿದ ಸಹಿಯೊಂದಿಗೆ ದೂರು ಕೊಟ್ಟೆವು. ತಮ್ಮ ಯಂತ್ರದ ಪಟ್ಟಿಯನ್ನೇ ಮುಂದಿಟ್ಟುಕೊಂಡು ವಿಚಾರಣಾ ಸಮಿತಿ ಉತ್ತರ ಬರೆಯಿತು: ಪೆಟ್ಟು ತಿಂದವರು ಮೂಳೆ ವಿಭಾಗದ ವ್ಯಕ್ತಿ, ಅವರ ಸೇವೆ ಒಂದನೇ ತಾರೀಖಿಗೇ ಮುಗಿದಿದೆ. ದೂರಿಗೆ ಸಹಿ ಹಾಕಿದವರು ತಿಂಗಳ ಕೊನೆಯವರೆಗೆ ಸೇವೆಯಲ್ಲಿರುವ ಮೀನು ವಿಭಾಗದ ವ್ಯಕ್ತಿ, ಅವರಿಗೆ ಪೆಟ್ಟಾಗಿಲ್ಲ. ಆದ್ದರಿಂದ ದೂರು ವಜಾ. ಹನ್ನೊಂದು ರೋಗಿಗಳ ಪಟ್ಟಿಯೂ ‘ಇಲ್ಲದ ಹುದ್ದೆಯ ದಾಖಲೆ’ ಎಂದು ವಾಪಸು ಬಂತು. ಸೋಮವಾರ ಅದೇ ಸ್ಕ್ರೂ ಅರವತ್ತೊಂದನೆಯ ಕಾಲಿಗೆ ಇಳಿಯಲಿದೆ.

ಮಾನ್ಯರೇ, ಪೆಟ್ಟಾಗದ ಮೀನಿನವರ ಬಲಗೈ ಪ್ಲಾಸ್ಟರಿನಲ್ಲಿದೆ. ಬೀಜದವರಿಗೆ ನೋವಿನಿಂದ ನಿದ್ದೆ ಹತ್ತುತ್ತಿಲ್ಲ. ಸೇತುವೆಯವರ ತಲೆಯನ್ನು ಅವರ ತಂಗಿ ಬಾಚುತ್ತಾರೆ. ಐವರ ನಡುವೆ ಎಂಥ ಒಗ್ಗಟ್ಟು ನೋಡಿ. ಸಂಶೋಧಕರೊಬ್ಬರ ಪ್ರಭಾವವನ್ನು ಅಳೆಯಲೆಂದೇ ತಮಗೊಂದು ಕಟ್ಟಡ ಕೊಟ್ಟಿದ್ದಾರೆ. ತಡೆದ ಸುಳ್ಳನ್ನು, ಉಳಿದ ಕಾಲನ್ನು ಅಳೆಯಲು ಅಲ್ಲೊಂದು ಅಳತೆಗೋಲು ಇಲ್ಲವೇ?

ನನ್ನ ಬೇಡಿಕೆ ಸಣ್ಣದು. ಸೋಮವಾರ ಬೆಳಗಾಗುವುದರೊಳಗೆ ನಾಲ್ವರು ಮೇಡಂಗಳನ್ನು ಕಡತದಿಂದ ಅಳಿಸಿ, ಒಬ್ಬರನ್ನು ಉಳಿಸಿ. ಆ ಒಬ್ಬರ ದೂರನ್ನೂ ಪಟ್ಟಿಯನ್ನೂ ಪೊಲೀಸರಿಗೆ ಕಳಿಸಿ. ಅಲ್ಲಿಯವರೆಗೆ ಸರ್ಜನ್ ಕೈಗೆ ಯಾರ ಕಾಲನ್ನೂ ಕೊಡಬೇಡಿ. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ, ಐವರಲ್ಲಿ ಯಾರನ್ನು ಹೊಡೆದಿರೆಂದು ಆ ಸರ್ಜನ್ನರನ್ನೇ ಕರೆಸಿ ಕೇಳಿ. ಇಡೀ ಸಂಸ್ಥೆಯಲ್ಲಿ ಈ ವಿಷಯಕ್ಕೆ ಗೊಂದಲವಿಲ್ಲದ ಮನುಷ್ಯ ಅವರೊಬ್ಬರೇ. ಆ ಸ್ಕ್ರೂವನ್ನು ತಡೆಯಬಲ್ಲವರು ಒಬ್ಬರೇ ಒಬ್ಬರೆಂದು ಅವರಿಗೆ ಗೊತ್ತಿತ್ತು. ಆ ಒಬ್ಬರು ಬರೆಯುವ ಕೈ ಯಾವುದೆಂದೂ ಗೊತ್ತಿತ್ತು.

ಇಂತಿ,
ಒಂದು ವಿಷಯದಲ್ಲೂ ಒಂದು ಪ್ರಬಂಧ ಬರೆಯಲಾಗದೆ, ಆ ಕಾರಣಕ್ಕೇ ಸದ್ಯ ಇಡಿಯಾಗಿ ಉಳಿದಿರುವ,
ಮೂಗಿಗೆ ಹತ್ತಿ ತುರುಕಿಕೊಂಡ ಶಿಷ್ಯ