ಸೋದರ ನಗರದಿಂದ ಬಂದ ಸವತಿ

ಘಣಸೋಲಿ, ನವಿ ಮುಂಬಯಿ
ಭಾನುವಾರ, ೧೬ ನವೆಂಬರ್ ೨೦೨೫

ಜಪಾನ್ ದೇಶದ ಮಿನಾಸೆ ನಗರದಲ್ಲಿ ಮೆರೆಯುತ್ತಿರುವ, ಘೋಡಬಂದರ್ ರಸ್ತೆಯ ಮಹಾರಾಯಭಾರಿ ಇಂಚರಾದೇವಿಯವರ ಸನ್ನಿಧಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬಳಿಗೆ ಹೊಟ್ಟೆಕಿಚ್ಚು. ಇದನ್ನು ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆಟ್ಟು ಕಳಿಸಿ ಮುಗಿಸುತ್ತೀ, ಅದಕ್ಕೇ ಕಾಗದ.

ನಮ್ಮ ನಗರವೂ ಮಿನಾಸೆಯೂ ಸೋದರ ನಗರಗಳಾದವು, ವ್ಯಾಪಾರವೂ ಕಲೆಯೂ ಅತ್ತಿತ್ತ ಹರಿಯಲಿ ಎಂದು ದೊಡ್ಡವರು ಹಾರ ಹಾಕಿಕೊಂಡರು, ಸರಿ. ಯಕ್ಷಗಾನದ ಮುಂಡಾಸಿನ ಆಕಾರದ ದೀಪ ಮಾಡುವವರು ನಾವಿಬ್ಬರು. ಬಟ್ಟೆ ಸುತ್ತಿ ಕಟ್ಟುವವಳು ನಾನು. ಬಣ್ಣ ಬಳಿದು, ಡೊಂಬಿವಲಿಯ ಕನ್ನಡ ಕಾರ್ಯಕ್ರಮಗಳಲ್ಲಿ ಬಾಯಿ ಮಾಡಿ ಮಾರುವವಳು ನೀನು. ಒಬ್ಬರೇ ಹೋಗಬಹುದು ಎಂದಾಗ ಟಿಕೆಟ್ ಬಾಯಿಗೇ ಸಿಕ್ಕಿತು. ಅದನ್ನೂ ಸಹಿಸಿದೆ. ಆದರೆ ಅಲ್ಲಿ ಕಾಗದದ ದೀಪ ಮಾಡುವ ಹಾನಾಳ ಹೆಗಲ ಮೇಲೆ ಕೈ ಹಾಕಿ ಫೋಟೋ ಕಳಿಸಿದೆಯಲ್ಲ, ಕೆಳಗೆ "ನನ್ನ ಹೊಸ ಪಾರ್ಟ್‌ನರ್" ಅಂತ ಬೇರೆ! ಹಳೆಯವಳನ್ನು ಭಂಗಾರಿನ ಗುಜರಿಯವನಿಗೆ ತೂಕಕ್ಕೆ ಹಾಕಿದೆಯೇನೇ?

ಸಾಲದ್ದಕ್ಕೆ, ಅವಳು ಬರುತ್ತಾಳೆ, ನಿಮ್ಮ ಮನೆಯಲ್ಲೇ ಉಳಿಸಿಕೋ ಎಂದೆ ನೀನು. ಉಳಿಸಿಕೊಂಡೆ. ಬಂದ ದಿನವೇ ಅಮ್ಮ ಬಾಳೆಲೆ ಹಾಕಿದಳು. ನಮ್ಮಲ್ಲಿ ಎಲೆ ಮಡಚುವ ತನಕ ಬಡಿಸುತ್ತಲೇ ಇರುತ್ತಾರೆ. ಅವಳ ಮನೆಯಲ್ಲಿ ಬಡಿಸಿದ್ದನ್ನು ಬಿಟ್ಟೇಳುವುದು ಅವಮಾನವಂತೆ. ಎರಡು ನಗರಗಳ ಮಧ್ಯೆ ಇಂಥದೊಂದು ಅಪಾಯವಿದೆಯೆಂದು ಹಾರ ಹಾಕಿಕೊಂಡವರಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು, ಗಂಭೀರವಾಗಿ ಬಾಯಿ ಮುಚ್ಚಿಕೊಂಡೆ. ಅವಳು ಎಲೆ ಖಾಲಿ ಮಾಡಿದಳು, ಅಮ್ಮ ತುಂಬಿದಳು. ಮತ್ತೆ ಖಾಲಿ, ಮತ್ತೆ ಭರ್ತಿ.

"ಪಾಪ, ವಿಮಾನದಲ್ಲಿ ಎಂಥದೂ ಕೊಡ್ಲಿಲ್ಲ ಕಾಣ್ತದೆ. ಇನ್ನೆರಡು ಸೌಟು ಪಾಯಸ ಹಾಕು ಮಾರಾಯ್ತಿ," ಎಂದಳು ಅಮ್ಮ. ನಾನು ಮೂರು ಹಾಕಿದೆ.

ಅದನ್ನೂ ಮುಗಿಸಿ, ಹಣೆಯ ಬೆವರು ಒರೆಸಿಕೊಂಡು ಹಾನಾ ಹೇಳಿದಳು, "ಅನುಷ್ಕಾ, ಸ್ವಲ್ಪ ನಗು. ಆಮೇಲೆ ನಾನು ಎಲೆ ಮಡಚ್ತೀನಿ."

ಕನ್ನಡದಲ್ಲಿ! ಅದೂ ನಿನ್ನದೇ ಬೆಂಗಳೂರು ರಾಗ. ಎಲೆ ಮಡಚುವುದನ್ನು ಕಲಿಸಿದವಳು ನೀನೇ. ಅನು ಏನಾದರೂ ಕಿತಾಪತಿ ಮಾಡಿಯೇ ಮಾಡುತ್ತಾಳೆ, ಅವಳು ನಗುವ ತನಕ ತಡೆದುಕೋ ಎಂದಿದ್ದೆಯಂತೆ. ಏನು ಮಾಡಲಿ, ನಗು ಬಂದೇಬಿಟ್ಟಿತು. "ನಿಂಗೆ ಬುದ್ಧಿ ಬರುವುದು ಯಾವಾಗ?" ಎಂದು ಅಮ್ಮ ಸೌಟು ಎತ್ತಿಕೊಂಡೇ ಕೇಳಿದಳು.

ಕೈ ತೊಳೆದ ಮೇಲೆ ಹಾನಾ ಉಳಿದದ್ದನ್ನು ಹೇಳಿದಳು. ಮಿನಾಸೆಯ ಅಂಗಡಿಯವರು ನಮ್ಮ ದೀಪವನ್ನು ಮೆಚ್ಚಿ, ನಿನ್ನೊಬ್ಬಳ ಹೆಸರಿನಲ್ಲಿ ಒಪ್ಪಂದಕ್ಕೆ ಕರೆದಾಗ ನೀನು ಪೆನ್ನು ಕೆಳಗಿಟ್ಟೆಯಂತೆ. ಕಟ್ಟುವ ಕೈ ಘಣಸೋಲಿಯಲ್ಲಿದೆ, ಅವಳಿಲ್ಲದೆ ದೀಪವಿಲ್ಲ ಎಂದೆಯಂತೆ. ಆ ಕೈಯನ್ನು ನೋಡಿಕೊಂಡು ಬಾ ಎಂದೇ ಅವರು ಇವಳನ್ನು ಕಳಿಸಿದ್ದು. ಇಷ್ಟನ್ನು ನನಗೆ ಬರೆಯಲು ನಿನ್ನ ಬೆರಳಿಗೇನಾಗಿತ್ತು? ಸುಮ್ಮನೆ ಇಷ್ಟು ದಿನ ಕುದ್ದೆ.

ಕಟ್ಟುವುದನ್ನು ಅವಳಿಗೆ ಕಲಿಸುತ್ತಿದ್ದೇನೆ. ನಿನಗೆ ಇವತ್ತಿಗೂ ಬಾರದ ಸುತ್ತು ಅವಳಿಗೆ ಮರುದಿನವೇ ಬಂತು. "ನಿನ್ನದಕ್ಕಿಂತ ಚಂದ ಉಂಟು," ಎಂದಳು ಅಮ್ಮ. ಅವಳು ಕಟ್ಟಿದ ಆ ದೀಪವನ್ನು ಕಪಾಟಿನ ಹಿಂದೆ ಇಟ್ಟಿದ್ದೇನೆ.

ಒಪ್ಪಂದ ಕಳಿಸು, ಸಹಿ ಹಾಕುತ್ತೇನೆ. ನನ್ನ ಹೆಸರು, ಪಕ್ಕದಲ್ಲಿ ನಿನ್ನದು. ಹಾನಾಳದು ಬೇಕಾದರೆ ಕೆಳಗೆ, ಸಣ್ಣ ಅಕ್ಷರದಲ್ಲಿ.

ಇಂತಿ,
ಇನ್ನೂ ಪೂರ್ತಿ ತಣ್ಣಗಾಗದ
ಅನುಷ್ಕಾ

ತಾ.ಕ.: ಹಾನಾಳನ್ನು ಇನ್ನೊಂದು ವಾರ ಇಲ್ಲೇ ಉಳಿಸಿಕೊಳ್ಳಲು ಅಮ್ಮ ಹಟ ಹಿಡಿದಿದ್ದಾಳೆ ಎಂದು ಅಲ್ಲಿಯವರಿಗೆ ಹೇಳು. ಹಟ ನನ್ನದು. ಅವಳು ಇಲ್ಲಿದ್ದಷ್ಟು ದಿನ ನಿನ್ನ ಪಕ್ಕದಲ್ಲಿ ಇರುವುದಿಲ್ಲವಲ್ಲ.