ಹೋಲಿಕೆಗೆ ಕೊಟ್ಟ ಮಂಡಿ

ಪ್ರೀತಿಯ ಅಕ್ಕಾ,

ನಿನ್ನೆ ಇಲ್ಲಿನ ಆಸ್ಪತ್ರೆಯಲ್ಲಿ ಅಮ್ಮನ ಮಂಡಿಗೆ ನ್ಯಾನೋ ಕಣಗಳನ್ನು ಚುಚ್ಚಿದರು. ಕೀಲಿನ ಮೆತ್ತೆ ಸವೆದ ಕಡೆ ಅವು ಅಂಟಿಕೊಂಡು ಪರದೆಯ ಮೇಲೆ ಹೊಳೆಯುತ್ತವೆ. ಹೋಲಿಸಿ ನೋಡಲು ನೋವಿಲ್ಲದ ಮಂಡಿಯೊಂದು ಬೇಕೆಂದಾಗ ನಾನೇ ಜಂಬದಿಂದ ಕಾಲು ಚಾಚಿ ಚುಚ್ಚಿಸಿಕೊಂಡೆ. ಅಕ್ಕಾ, ಅಮ್ಮನದಕ್ಕಿಂತ ನನ್ನದೇ ಹೆಚ್ಚು ಹೊಳೆಯಿತು! ಹೆಸರಿನ ಚೀಟಿ ಅದಲುಬದಲಾಗಿದೆಯೇ ಎಂದು ನರ್ಸ್ ಎರಡು ಸಲ ನೋಡಿದಳು.

"ನಂದು ನಾಟಕ ಅಂತಿದ್ಯಲ್ಲೇ, ಈಗ ನಿಂದೇನೇ?" ಎಂದು ನಕ್ಕ ಅಮ್ಮ ಮರುಕ್ಷಣವೇ ನನ್ನ ಕೈ ಹಿಡಿದುಕೊಂಡಳು.

ಮೆಟ್ಟಿಲಿಳಿಯುವಾಗಿನ ನೋವನ್ನು ದಣಿವೆಂದುಕೊಂಡೆನೋ, ಒಪ್ಪಿಕೊಳ್ಳಲು ಹೆದರಿದೆನೋ, ಇನ್ನೂ ತಿಳಿಯುತ್ತಿಲ್ಲ. ಸೋಮವಾರ ಅಂಥವೇ ಕಣಗಳಲ್ಲಿ ಔಷಧಿ ತುಂಬಿ ಇಬ್ಬರಿಗೂ ಕೊಡುತ್ತಾರೆ, ಸವೆತ ನಿಲ್ಲಬಹುದಂತೆ. ಹಾಗಾಗಿ ನಾವು ಊರಿಗೆ ಬರುವುದು ತಡವಾಗುತ್ತದೆ. ನೀನೂ ಗೋಡೆ ಹಿಡಿದೇ ಏಳುತ್ತೀಯಲ್ಲ, ನಾಳೆಯೇ ಮಂಡಿ ತೋರಿಸು. ನನ್ನ ಹಾಗೆ ಬರೀ ದಣಿವೆಂದು ವಾದ ಮಾಡಬೇಡ.

ನಿನ್ನ ತಂಗಿ